ಸ್ಲೋ ಕುಕ್ಕರ್ ಚಿಕನ್ ನೂಡಲ್ ಸೂಪ್: ಎಲ್ಲಿ ಕೈಕೊಟ್ಟಿತು, ಹೇಗೆ ಸರಿಮಾಡೋದು

ಸ್ಲೋ ಕುಕ್ಕರ್‌ನಲ್ಲಿ, ಅಂದರೆ ಪಿಂಗಾಣಿ ಪಾತ್ರೆಯಲ್ಲಿ ಮಂದ ಬಿಸಿಗೆ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಕುಕ್ಕರ್‌ನಲ್ಲಿ, ಚಿಕನ್ ನೂಡಲ್ ಸೂಪ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಸುಲಭವೇ, ಅದರಲ್ಲಿ ಎರಡು ಮಾತಿಲ್ಲ. ಪಾತ್ರೆಗೆ ಹಾಕು, ಮುಚ್ಚು, ಗುಂಡಿ ತಿರುಗಿಸು, ಮುಗೀತು. ಆದರೆ ಮುಚ್ಚಳ ತೆಗೆದು ನೋಡಿದರೆ ನೂಡಲ್ಸ್ ಗಂಜಿಯಾಗಿದೆ, ಚಿಕನ್ ನಾರುನಾರಾಗಿ ಒಣಗಿದೆ, ಕ್ಯಾರೆಟ್ ಮಾತ್ರ ಕಟಕಟ ಅನ್ನುತ್ತಿದೆ. ಒಂದೇ ಪಾತ್ರೆಯಲ್ಲಿ ಒಂದು ಬೆಂದು ಹಾಳಾಗಿದೆ, ಇನ್ನೊಂದು ಬೆಂದೇ ಇಲ್ಲ.

ಕಾರಣ ಹೆಚ್ಚಿನ ಸಲ ಒಂದೇ. ಎಲ್ಲವನ್ನೂ ಒಟ್ಟಿಗೆ ಸುರಿದಿರುತ್ತೇವೆ. ಕ್ಯಾರೆಟ್‌ಗೆ ಐದಾರು ಗಂಟೆ ಬೇಕು. ನೂಡಲ್ಸ್‌ಗೆ ಕಾಲು ಗಂಟೆ ಸಾಕು. ಎದೆ ಮಾಂಸ ನಾಲ್ಕು ಗಂಟೆ ದಾಟಿದರೆ ಕೆಡುತ್ತದೆ, ತೊಡೆ ಮಾಂಸಕ್ಕೆ ಅಷ್ಟು ಹೊತ್ತು ಸಾಲುವುದೇ ಇಲ್ಲ. ನಿಂಬೆರಸಕ್ಕಂತೂ ಬೇಯುವ ಕೆಲಸವೇ ಇಲ್ಲ. ಹಾಗಾಗಿ ಸೂಪ್ ಕೆಟ್ಟಾಗ ಕುಕ್ಕರ್‌ಗೆ ಬೈಯುವ ಮೊದಲು ಯಾವುದು ಯಾವಾಗ ಒಳಗೆ ಹೋಯಿತು ಅಂತ ನೆನಪು ಮಾಡಿಕೊಳ್ಳಿ. ಅರ್ಧ ದೋಷ ಅಲ್ಲೇ ಸಿಕ್ಕಿಬೀಳುತ್ತದೆ.

ಹೋಲಿಸಿ ನೋಡಲು ಒಂದು ಲೆಕ್ಕ

ದೋಷ ಹುಡುಕಬೇಕಾದರೆ ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕು, ಅಲ್ವಾ? 5 ಲೀಟರಿನ ಕುಕ್ಕರ್‌ಗೆ ನಾನು ಹಿಡಿಯುವ ಲೆಕ್ಕ ಇದು. ಮೂಳೆ ಇರುವ, ಚರ್ಮ ತೆಗೆದ ತೊಡೆ ಮಾಂಸ 700 ಗ್ರಾಂ. ಚಿಕನ್ ಸ್ಟಾಕ್ (ಕೋಳಿ ಮೂಳೆ ಬೇಯಿಸಿ ಸೋಸಿದ ರಸ) ಒಂದೂಮುಕ್ಕಾಲು ಲೀಟರ್. ಮೂರು ಕ್ಯಾರೆಟ್, ಎರಡು ಸೆಲರಿ ದಂಟು, ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ. ಒಂದು ಬೇ ಲೀಫ್, ಅರ್ಧ ಚಮಚ ಥೈಮ್ ಅನ್ನುವ ಒಣ ಪರಿಮಳದ ಸೊಪ್ಪು, ಕರಿಮೆಣಸು. ನೂಡಲ್ಸ್ 150 ಗ್ರಾಂ. ಕೊನೆಗೆ ನಿಂಬೆರಸ ಮತ್ತು ಹೆಚ್ಚಿದ ಪಾರ್ಸ್ಲಿ ಸೊಪ್ಪು.

ತರಕಾರಿ ತಳಕ್ಕೆ, ಚಿಕನ್ ಅದರ ಮೇಲೆ, ಸ್ಟಾಕ್ ಎಲ್ಲದರ ಮೇಲೆ. ಗುಂಡಿಯನ್ನು 'ಲೋ'ಗೆ (ನಿಧಾನ) ಇಟ್ಟರೆ ಐದಾರು ಗಂಟೆ, ಇಲ್ಲವೇ 'ಹೈ'ಗೆ (ಜೋರು) ಇಟ್ಟರೆ ಮೂರು-ನಾಲ್ಕು ಗಂಟೆ. ಚಿಕನ್ ಹೊರಗೆ ತೆಗೆದು ಬಿಡಿಸಿಕೊಳ್ಳಿ, ಮೂಳೆ ಎಸೆಯಿರಿ. ಕುಕ್ಕರ್ ಹೈಗೆ ತಿರುಗಿಸಿ ನೂಡಲ್ಸ್ ಹಾಕಿ, ಅದು ಬೆಂದ ಮೇಲೆ ಮಾಂಸ ವಾಪಸ್ ಸೇರಿಸಿ. ಕುಕ್ಕರ್ ಆರಿಸಿದ ಮೇಲೆ ನಿಂಬೆರಸ, ಸೊಪ್ಪು. ಪಾತ್ರೆ ಅರ್ಧಕ್ಕಿಂತ ಕಡಿಮೆ ಇರಬಾರದು, ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿಯೂ ಬೇಡ. ಕಡಿಮೆ ಇದ್ದರೆ ಬೇಗ ಬೆಂದು ಹಾಳಾಗುತ್ತದೆ, ಜಾಸ್ತಿ ಇದ್ದರೆ ಬಿಸಿಯೇರಲು ತುಂಬಾ ಹೊತ್ತು ಹಿಡಿಯುತ್ತದೆ.

ಈಗ ಒಂದೊಂದೇ ದೂರು ನೋಡೋಣ.

ನೂಡಲ್ಸ್ ಗಂಜಿಯಾಗಿದೆ

ಅತಿ ಹೆಚ್ಚು ಬರುವ ದೂರು ಇದೇ. ನೂಡಲ್ಸ್ ಅಂದರೆ ಹಿಟ್ಟು. ಬಿಸಿ ನೀರು ಸಿಕ್ಕಿದ ಕೂಡಲೇ ಒಳಗಿನ ಪಿಷ್ಟ ನೀರು ಕುಡಿದು ಊದಿಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಚೆನ್ನ. ನಿಲ್ಲಿಸದಿದ್ದರೆ ಊದುತ್ತಲೇ ಹೋಗಿ ಒಡೆದು ಪಿಷ್ಟ ಸೂಪ್‌ಗೆ ಇಳಿಯುತ್ತದೆ. ಆಗ ನೂಡಲ್ಸೂ ಹೋಯಿತು, ಸೂಪೂ ಹೋಯಿತು. ಬೆಳಿಗ್ಗೆಯೇ ಹಾಕಿಟ್ಟ ನೂಡಲ್ಸ್ ಸಂಜೆಗೆ ಸಿಗುವುದಿಲ್ಲ, ಸಿಗುವುದು ಬರೀ ಗಂಜಿ.

ಕೆಟ್ಟ ನೂಡಲ್ಸ್ ಸರಿಮಾಡುವ ಉಪಾಯ ಯಾವುದೂ ಇಲ್ಲ. ತೂತಿನ ಸೌಟಿನಲ್ಲಿ ಎಷ್ಟು ಬರುತ್ತದೋ ಅಷ್ಟು ತೆಗೆದು ಬಿಡಿ. ಉಳಿದ ಸೂಪ್‌ಗೆ ಒಂದೆರಡು ಕಪ್ ಬಿಸಿ ಸ್ಟಾಕ್ ಸೇರಿಸಿ ತೆಳು ಮಾಡಿ. ಬೇರೆ ಪಾತ್ರೆಯಲ್ಲಿ ಹೊಸದಾಗಿ ಒಂದು ಹಿಡಿ ನೂಡಲ್ಸ್ ಬೇಯಿಸಿ, ಬಡಿಸುವಾಗ ಬಟ್ಟಲಿಗೆ ಹಾಕಿ. ಸೂಪ್ ಸ್ವಲ್ಪ ಮಂದವಾಗಿರುತ್ತದೆ, ಅಷ್ಟೇ. ತಿನ್ನಲು ಏನೂ ತೊಂದರೆಯಿಲ್ಲ.

ಮುಂದಿನ ಸಲ ನೂಡಲ್ಸ್ ಕೊನೆಯ 15-20 ನಿಮಿಷಕ್ಕೆ ಮಾತ್ರ, ಅದೂ ಹೈನಲ್ಲಿ. ಅಗಲದ ಮೊಟ್ಟೆ ನೂಡಲ್ಸ್‌ಗೆ ಇಷ್ಟು ಹೊತ್ತು ಬೇಕಾಗುತ್ತದೆ. ತೆಳು ಶಾವಿಗೆಯಂಥದ್ದಾದರೆ 8-10 ನಿಮಿಷ. ಇನ್‌ಸ್ಟಂಟ್ ನೂಡಲ್ಸ್ ಮೊದಲೇ ಆವಿಯಲ್ಲಿ ಬೇಯಿಸಿ ಕರಿದು ಒಣಗಿಸಿದ್ದು, ಅದನ್ನು ಕುಕ್ಕರ್ ಆರಿಸಿ ಮುಚ್ಚಿಟ್ಟರೂ ಬೆಂದುಬಿಡುತ್ತದೆ. ಅಕ್ಕಿ ನೂಡಲ್ಸನ್ನು ಕುಕ್ಕರ್‌ಗೆ ಹಾಕುವುದೇ ಬೇಡ. ಬಿಸಿ ನೀರಿನಲ್ಲಿ ನೆನೆಸಿ ನೇರ ಬಟ್ಟಲಿಗೆ ಹಾಕಿ.

ಪೊಟ್ಟಣದ ಮೇಲಿನ ನಿಮಿಷವನ್ನು ಪೂರ್ತಿ ನಂಬಬೇಡಿ. ಅದು ಒಲೆಯ ಮೇಲೆ ಕೊತಕೊತ ಕುದಿಯುವ ನೀರಿನ ಲೆಕ್ಕ. ಸ್ಲೋ ಕುಕ್ಕರ್ ಆ ಥರ ಕುದಿಯುವುದಿಲ್ಲ. ಹೀಗೆ ಪರೀಕ್ಷೆ ಮಾಡಿ: ಒಂದು ಎಳೆ ಹೊರಗೆ ತೆಗೆದು ಉಗುರಿನಿಂದ ಕತ್ತರಿಸಿ, ಕತ್ತರಿಸಿದ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಸಣ್ಣ ಬಿಳಿ ಚುಕ್ಕೆ ಅಥವಾ ಗೆರೆ ಕಾಣುತ್ತದೆ. ಅದು ಇನ್ನೂ ಬೇಯದ ಹಿಟ್ಟು. ಚುಕ್ಕೆ ಕಂಡೂ ಕಾಣದ ಹಾಗೆ ತೆಳುವಾದಾಗ ಕುಕ್ಕರ್ ಆರಿಸಿ. ಬಟ್ಟಲಿಗೆ ಬಂದು ಬಾಯಿಗೆ ಹೋಗುವಷ್ಟರಲ್ಲಿ ಉಳಿದದ್ದು ತಾನಾಗಿ ಬೇಯುತ್ತದೆ. ಪಿಂಗಾಣಿ ಪಾತ್ರೆ ಬಿಸಿಯನ್ನು ಬೇಗ ಬಿಡುವುದಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇದರ ತದ್ವಿರುದ್ಧ ದೋಷವೂ ಇದೆ. ನೂಡಲ್ಸ್ ಹೊರಗೆ ಅಂಟಂಟು, ಒಳಗೆ ಹಸಿ ಹಿಟ್ಟು, ಒಂದಕ್ಕೊಂದು ಹಿಡಿದುಕೊಂಡು ಉಂಡೆಯಾಗಿದೆ. ಇದು ಬಿಸಿ ಸಾಲದ ಸೂಪ್‌ಗೆ ನೂಡಲ್ಸ್ ಹಾಕಿದ್ದರ ಫಲ. ಬರೀ ಬಿಸಿಯಾಗಿಡುವ 'ವಾರ್ಮ್'ನಲ್ಲಿ ಇಟ್ಟಿದ್ದ ಸೂಪ್‌ಗೆ ಹಾಕಿದರೆ ಖಂಡಿತ ಹೀಗಾಗುತ್ತದೆ. ಚಿಕನ್ ಬಿಡಿಸುವಾಗ ಮುಚ್ಚಳ ತೆರೆದಿಟ್ಟು ಮರೆತರೂ ಅಷ್ಟೇ. ಮೊದಲು ಹೈನಲ್ಲಿ ಮುಚ್ಚಿಡಿ. ಪಾತ್ರೆಯ ಅಂಚಿನುದ್ದಕ್ಕೂ ಸಣ್ಣ ಗುಳ್ಳೆ ಏಳುವುದು ಕಂಡ ಮೇಲೆ ಹಾಕಿ, ಒಮ್ಮೆ ಚೆನ್ನಾಗಿ ಕಲಸಿ.

ನನ್ನನ್ನು ಕೇಳಿದರೆ, ಎಲ್ಲರೂ ಒಟ್ಟಿಗೆ ಕೂತು ಒಂದೇ ಹೊತ್ತಿಗೆ ಉಂಡು ಮುಗಿಸುವುದಾದರೆ ಮಾತ್ರ ಕುಕ್ಕರ್‌ನಲ್ಲೇ ನೂಡಲ್ಸ್ ಬೇಯಿಸಿ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುವ ಮನೆಯಾದರೆ ಬೇರೆ ಬೇಯಿಸಿಡುವುದೇ ಜಾಣತನ. ಒಂದು ಪಾತ್ರೆ ಜಾಸ್ತಿ ತೊಳೆಯಬೇಕಾಗುತ್ತದೆ, ತೊಳೆದರಾಯಿತು.

ಚಿಕನ್ ಒಣಗಿದೆ, ಅಥವಾ ರಬ್ಬರಿನ ಹಾಗಿದೆ

ನೀರಿನಲ್ಲೇ ಮುಳುಗಿದ್ದ ಮಾಂಸ ಒಣಗುವುದು ಹೇಗೆ ಅಂತ ಅನ್ನಿಸುತ್ತದೆ. ಮಾಂಸದ ಎಳೆಗಳು ಬಿಸಿಗೆ ಕುಗ್ಗುತ್ತವೆ. ಕುಗ್ಗುವಾಗ ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಹೊರಗೆ ಎಷ್ಟು ಸ್ಟಾಕ್ ಇದ್ದರೂ ಅದು ವಾಪಸ್ ಒಳಗೆ ಹೋಗುವುದಿಲ್ಲ. ಎದೆ ಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸಿದ್ಧ. ಅಲ್ಲಿಂದ 90 ಡಿಗ್ರಿಯವರೆಗೆ ಏರುತ್ತಾ ಗಂಟೆಗಟ್ಟಲೆ ಕೂತರೆ ಉಳಿಯುವುದು ಬರೀ ನಾರು.

ತೊಡೆ ಮಾಂಸದ ಕಥೆ ಬೇರೆ. ಅದರಲ್ಲಿ ಕೊಬ್ಬೂ ಇದೆ, ಕೊಲಾಜನ್ ಅನ್ನುವ ಗಟ್ಟಿ ಪದರವೂ ಇದೆ. ಆ ಕೊಲಾಜನ್ 70 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಕರಗಿ ಜೆಲಾಟಿನ್ ಆಗುತ್ತದೆ. ಅದರಿಂದ ಮಾಂಸವೂ ಮೃದು, ಸೂಪೂ ತುಟಿಗೆ ಅಂಟುವಷ್ಟು ಗಾಢ. ಅದಕ್ಕೇ ದಿನವಿಡೀ ಹೊರಗಿರುವವರು ಎದೆ ಮಾಂಸ ಬಿಟ್ಟು ತೊಡೆ ತೆಗೆದುಕೊಳ್ಳಿ ಅನ್ನುವುದು. ಎದೆ ಮಾಂಸವೇ ಬೇಕು ಅಂದರೆ ಲೋನಲ್ಲಿ ಮೂರು-ನಾಲ್ಕು ಗಂಟೆ, ಹೈನಲ್ಲಾದರೆ ಎರಡರಿಂದ ಎರಡೂವರೆ. ಆಗ ತೆಗೆದು ಪಕ್ಕಕ್ಕಿಟ್ಟು, ತರಕಾರಿ ತನ್ನ ಪಾಡಿಗೆ ಬೇಯಲಿ ಅಂತ ಬಿಡಿ.

ಇಲ್ಲೊಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಈ ಪಾತ್ರೆ ಹುಟ್ಟಿದ್ದು ಚಿಕನ್‌ಗಾಗಿ ಅಲ್ಲವೇ ಅಲ್ಲ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರ ಕುಕ್ಕರ್ ಮಾರಾಟವಾಗುತ್ತಿದ್ದದ್ದು ಒಣ ಕಾಳು ಬೇಯಿಸುವ ಪಾತ್ರೆ ಅಂತ. ಆಮೇಲೆ ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಡೀ ದಿನ ಬೆಂದರೂ ಜಗ್ಗದ ಪದಾರ್ಥಕ್ಕೆ ಹೇಳಿ ಮಾಡಿಸಿದ ಪಾತ್ರೆ ಅದು. ಅದರೊಳಗೆ ಎದೆ ಮಾಂಸವನ್ನು ಎಂಟು ಗಂಟೆ ಕೂರಿಸಿ ಮೆತ್ತಗಿರು ಅಂದರೆ ಅದಾದರೂ ಏನು ಮಾಡೀತು?

ಚಿಕನ್ ಗಟ್ಟಿಯಿದ್ದರೆ ಅದು ಜಾಸ್ತಿ ಬೆಂದದ್ದೋ, ಇನ್ನೂ ಬೇಯದ್ದೋ ಅಂತ ಮೊದಲು ತೀರ್ಮಾನಿಸಿ. ಎರಡೂ ಬಾಯಿಗೆ ಗಟ್ಟಿಯೇ. ಆದರೆ ಮದ್ದು ಪೂರ್ತಿ ಉಲ್ಟಾ. ತೊಡೆಯ ತುಂಡನ್ನು ಎರಡು ಫೋರ್ಕ್‌ನಿಂದ ಎಳೆದು ನೋಡಿ. ಮಾಂಸ ಮೂಳೆಯನ್ನು ಬಿಡದೆ ಜಗ್ಗುತ್ತಿದ್ದರೆ, ಗಂಟಿನ ಹತ್ತಿರದ ಬಿಳಿ ನಾರು ರಬ್ಬರಿನ ಹಾಗೆ ಎಳೆದುಕೊಂಡರೆ, ಅದು ಬೆಂದಿಲ್ಲ. ಇನ್ನೊಂದು ಗಂಟೆ ಬಿಡಿ. ಮಾಂಸ ಸುಲಭವಾಗಿ ಎಳೆಎಳೆಯಾಗಿ ಬಿಡಿಸಿಕೊಂಡು ಬಂದೂ ಬಾಯಲ್ಲಿ ಪುಡಿಪುಡಿ ಅನ್ನಿಸಿದರೆ ಜಾಸ್ತಿ ಬೆಂದಿದೆ. ಹಾಗಿದ್ದರೆ ಎಳೆಗೆ ಅಡ್ಡವಾಗಿ ಸಣ್ಣದಾಗಿ ಕತ್ತರಿಸಿ, ಬಡಿಸುವ ಐದು ನಿಮಿಷ ಮುಂಚೆ ಬಿಸಿ ಸೂಪ್‌ಗೆ ಸೇರಿಸಿ. ಒಳಗಿನ ನೀರು ವಾಪಸ್ ಬರುವುದಿಲ್ಲ ನಿಜ. ಆದರೆ ಎಳೆ ಗಿಡ್ಡವಾದಷ್ಟೂ ನಾರಿನ ಅನುಭವ ಕಡಿಮೆ.

ಕೆಲವೊಮ್ಮೆ ನಿಮ್ಮ ತಪ್ಪೇ ಇರುವುದಿಲ್ಲ. ಬೇಗ ಬೆಳೆಯುವ ದೊಡ್ಡ ಕೋಳಿಗಳ ಎದೆ ಮಾಂಸದಲ್ಲಿ ಎಳೆಗಳೇ ಗಡುಸಾಗಿರುವ ಒಂದು ದೋಷವಿದೆ. ಹಸಿ ಇರುವಾಗಲೇ ಒತ್ತಿದರೆ ಮರದ ಹಾಗೆ ಗಟ್ಟಿ, ಮೇಲೆ ಬಿಳಿ ಗೆರೆಗಳು. ಬೆಂದ ಮೇಲೆ ಕಚ್ಚಿದರೆ ಕರುಕ್ ಅನ್ನುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ. ಕೊಳ್ಳುವಾಗ ಒತ್ತಿ ನೋಡಿ, ಮೆತ್ತಗಿರುವ ಸಣ್ಣ ತುಂಡು ಆರಿಸಿಕೊಳ್ಳುವುದೊಂದೇ ದಾರಿ.

ಚಿಕನ್ ಒಳಗೆ ಇನ್ನೂ ಕೆಂಪಗಿದೆ

ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಎಳೆ ಕೋಳಿಯ ಮೂಳೆಯೊಳಗಿನ ಬಣ್ಣ ಹೊರಗೆ ಇಳಿದು, ಪೂರ್ತಿ ಬೆಂದ ಮಾಂಸವೂ ಮೂಳೆಯ ಸುತ್ತ ಕೆಂಪಗೆ ಕಾಣಬಹುದು. ಬೆಳ್ಳಗೆ ಕಂಡದ್ದು ಬೆಂದೇ ಇದೆ ಅಂತಲೂ ಇಲ್ಲ. ಅಡುಗೆ ಥರ್ಮಾಮೀಟರ್ ಒಂದೇ ಇಲ್ಲಿ ಸಾಕ್ಷಿ. ತುಂಡಿನ ಅತಿ ದಪ್ಪದ ಭಾಗಕ್ಕೆ ಚುಚ್ಚಿ, ತುದಿ ಮೂಳೆಗೆ ತಾಗದಿರಲಿ. 74 ಡಿಗ್ರಿ ತೋರಿಸಿದರೆ ನಿಶ್ಚಿಂತೆ. ತೋರಿಸದಿದ್ದರೆ ಮುಚ್ಚಿ, ಹೈನಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಗಂಟೆಗಟ್ಟಲೆ ಬೆಂದೂ 74 ಮುಟ್ಟಿಲ್ಲ ಅಂದರೆ ಮೂರು ಸಂಶಯ. ಮೊದಲನೆಯದು, ಫ್ರೀಜರ್‌ನಿಂದ ತೆಗೆದ ಗಟ್ಟಿ ಚಿಕನ್ ನೇರ ಹಾಕಿದ್ದೀರಿ. ಇದು ರುಚಿಯ ಪ್ರಶ್ನೆಯಲ್ಲ, ಆರೋಗ್ಯದ್ದು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಹೆಪ್ಪುಗಟ್ಟಿದ ಮಾಂಸ ಕುಕ್ಕರ್‌ನ ಮಂದ ಬಿಸಿಯಲ್ಲಿ ಆ ಹಂತ ದಾಟಲು ತುಂಬಾ ಹೊತ್ತು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂಕಣಕ್ಕೆ ಇಳಿಸಿಡಿ. ಎರಡನೆಯದು, ಪಾತ್ರೆ ಕುತ್ತಿಗೆಯವರೆಗೆ ತುಂಬಿದೆ. ಮೂರನೆಯದು, ಪದೇಪದೇ ಮುಚ್ಚಳ ತೆಗೆದಿದ್ದೀರಿ. ಒಂದು ಸಲ ಇಣುಕಿದರೆ ಕಾಲು ಗಂಟೆಯಿಂದ ಅರ್ಧ ಗಂಟೆ ಹಿಂದಕ್ಕೆ ಹೋದ ಹಾಗೆ. ಸುಮ್ನೆ ಪರಿಮಳ ನೋಡೋಣ ಅಂತ ತೆಗೆದರೂ ಲೆಕ್ಕ ಅದೇ. ಗಾಜಿನ ಮುಚ್ಚಳದ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ, ಹಬೆಯ ಹನಿ ಜಾರಿ ಒಳಗೆ ಕಾಣುತ್ತದೆ.

ಟೈಮರ್ ಇಟ್ಟು, ಮಧ್ಯಾಹ್ನ ತಾನಾಗಿ ಶುರುವಾಗಲಿ ಅಂತ ಬೆಳಿಗ್ಗೆಯೇ ಹಸಿ ಚಿಕನ್ ತುಂಬಿಡುವುದೂ ಬೇಡ. ಎರಡು ಗಂಟೆಗಿಂತ ಹೆಚ್ಚು ಅದು ಹೊರಗೆ ಕೂರಬಾರದು.

ನಡುವೆ ಕರೆಂಟ್ ಹೋದರೆ? ನೀವು ಮನೆಯಲ್ಲೇ ಇದ್ದರೆ ಆ ಕೂಡಲೇ ಗ್ಯಾಸ್ ಮೇಲೆ ಬೇರೆ ಪಾತ್ರೆಗೆ ಸುರಿದು ಬೇಯಿಸಿ ಮುಗಿಸಿ. ಅಷ್ಟರಲ್ಲಾಗಲೇ ಪೂರ್ತಿ ಬೆಂದಿದ್ದರೆ ಎರಡು ಗಂಟೆಯವರೆಗೆ ತೊಂದರೆಯಿಲ್ಲ. ಮನೆಯಲ್ಲಿರಲಿಲ್ಲ, ಬಂದು ನೋಡಿದಾಗ ಕುಕ್ಕರ್‌ನ ಗಡಿಯಾರ ಮಿಣುಕುತ್ತಿದೆ, ಎಷ್ಟು ಹೊತ್ತು ಆರಿತ್ತೋ ಗೊತ್ತಿಲ್ಲ ಅಂದರೆ ಆ ಸೂಪ್ ಚೆಲ್ಲಿ. ನೋಡಲು ಚೆನ್ನಾಗಿದ್ದರೂ ಚೆಲ್ಲಿ.

ಕ್ಯಾರೆಟ್ ಬೆಂದೇ ಇಲ್ಲ

ಒಲೆಯ ಮೇಲೆ ಮಾಂಸಕ್ಕಿಂತ ತರಕಾರಿ ಬೇಗ ಬೇಯುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಉಲ್ಟಾ. ತರಕಾರಿಯನ್ನು ಗಟ್ಟಿ ಹಿಡಿದಿರುವುದು ಪೆಕ್ಟಿನ್. ಅದು ಸಡಿಲವಾಗಲು ಹತ್ತಿರಹತ್ತಿರ 85 ಡಿಗ್ರಿ ಬೇಕು. ಕುಕ್ಕರ್ ಅಷ್ಟು ಬಿಸಿಯಾಗುವುದು ಹಲವು ಗಂಟೆ ಕಳೆದ ಮೇಲೆಯೇ. ಚಿಕನ್ 74ಕ್ಕೇ ಬೆಂದು ಕೂತಿರುತ್ತದೆ, ಕ್ಯಾರೆಟ್‌ನ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಅದಕ್ಕೇ ಕ್ಯಾರೆಟ್, ಸೆಲರಿ ತಳದಲ್ಲಿ, ಬದಿಗೆ ತಾಗಿಕೊಂಡು ಇರಬೇಕು. ಬಿಸಿ ಬರುವುದು ಅಲ್ಲಿಂದ. ತುಂಡು ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಜಾಸ್ತಿ ಬೇಡ, ಎಲ್ಲ ಒಂದೇ ಅಳತೆಗಿರಲಿ. ಇಷ್ಟಾದರೂ ಬೇಯುತ್ತಿಲ್ಲ ಅಂದರೆ ಹುಳಿ ಏನಾದರೂ ಮೊದಲೇ ಹಾಕಿದ್ದೀರಾ ನೋಡಿ. ನಿಂಬೆರಸ, ಟೊಮೆಟೊ, ವಿನೆಗರ್ ಯಾವುದಾದರೂ ಸರಿ, ಹುಳಿ ಇದ್ದಲ್ಲಿ ಪೆಕ್ಟಿನ್ ಸಡಿಲವಾಗಲು ಒಪ್ಪುವುದಿಲ್ಲ. ನಿಂಬೆರಸ ಕೊನೆಗೆ ಅಂದದ್ದು ರುಚಿಗೆ ಮಾತ್ರ ಅಲ್ಲ.

ಈಗಲೇ ಬಡಿಸಬೇಕು, ಕ್ಯಾರೆಟ್ ಗಟ್ಟಿಯಿದೆ ಅಂದರೆ ತುಂಡುಗಳನ್ನು ತೆಗೆದು ಸ್ವಲ್ಪ ಸ್ಟಾಕ್ ಜೊತೆ ಮೈಕ್ರೋವೇವ್‌ನಲ್ಲಿ ಮುಚ್ಚಿ ನಾಲ್ಕೈದು ನಿಮಿಷ ಬೇಯಿಸಿ ವಾಪಸ್ ಹಾಕಿ. ಹಸಿ ಬಟಾಣಿ, ಪಾಲಕ್, ಕಾರ್ನ್ ಇವೆಲ್ಲ ಕೊನೆಯ ಹತ್ತು ನಿಮಿಷದ ಸರಕು. ಮೊದಲೇ ಹಾಕಿದರೆ ಬಣ್ಣಗೆಡುತ್ತವೆ. ಎತ್ತರದ ಜಾಗದಲ್ಲಿರುವವರಿಗೆ ಎಲ್ಲದಕ್ಕೂ ಇನ್ನಷ್ಟು ಹೊತ್ತು ಬೇಕು. 1500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ.

ಒಂದು ಎಚ್ಚರಿಕೆ. ಸೂಪ್ ಇನ್ನಷ್ಟು ಹೊಟ್ಟೆ ತುಂಬಲಿ ಅಂತ ಒಣ ರಾಜ್ಮಾ ಹಾಕುವವರು ಅದನ್ನು ಹಸಿಯಾಗಿ ಕುಕ್ಕರ್‌ಗೆ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷ ಮಂದ ಬಿಸಿಗೆ ಸಾಯುವುದಿಲ್ಲ, ಅರೆಬೆಂದರೆ ವಾಂತಿ-ಭೇದಿ ಗ್ಯಾರಂಟಿ. ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಿ. 30 ನಿಮಿಷವಾದರೆ ಇನ್ನೂ ಒಳ್ಳೆಯದು. ಆಮೇಲೆ ಸೇರಿಸಿ.

ಸೂಪ್ ಸಪ್ಪೆ

ಎಲ್ಲ ಸರಿಯಾಗಿ ಬೆಂದಿದೆ, ಆದರೆ ಏನೋ ಸಾಲದು. ಈ ದೋಷ ಹಿಡಿಯುವುದೇ ಕಷ್ಟ. ಯಾಕೆಂದರೆ ಸಪ್ಪೆ ಅನ್ನುವುದರೊಳಗೆ ನಾಲ್ಕು ಬೇರೆಬೇರೆ ಕೊರತೆ ಅಡಗಿರುತ್ತವೆ. ಉಪ್ಪು ಸಾಲದಿರಬಹುದು, ಹುಳಿ ಸಾಲದಿರಬಹುದು, ಗಾಢತೆ ಸಾಲದಿರಬಹುದು, ಪರಿಮಳ ಹಾರಿಹೋಗಿರಬಹುದು. ಜನ ಏನು ಮಾಡುತ್ತಾರೆ? ಉಪ್ಪು ಸುರಿಯುತ್ತಾರೆ. ಆಮೇಲೆ ಸೂಪ್ ಉಪ್ಪುಪ್ಪು ಸಪ್ಪೆ ಆಗುತ್ತದೆ.

ಹೀಗೆ ಮಾಡಿ. ನಾಲ್ಕು ಸಣ್ಣ ಕಪ್‌ಗಳಿಗೆ ಎರಡೆರಡು ಚಮಚ ಸೂಪ್ ಹಾಕಿಕೊಳ್ಳಿ. ಮೊದಲನೆಯದಕ್ಕೆ ಒಂದು ಚಿಟಿಕೆ ಉಪ್ಪು. ಎರಡನೆಯದಕ್ಕೆ ಮೂರು ಹನಿ ನಿಂಬೆರಸ. ಮೂರನೆಯದಕ್ಕೆ ಎರಡು ಹನಿ ಸೋಯಾ ಸಾಸ್. ನಾಲ್ಕನೆಯದಕ್ಕೆ ಪಾರ್ಸ್ಲಿ ಹಿಚುಕಿ, ಹೊಸದಾಗಿ ಪುಡಿಮಾಡಿದ ಕರಿಮೆಣಸು. ಒಂದೊಂದೇ ಗುಟುಕರಿಸಿ, ನಡುವೆ ನೀರು ಕುಡಿಯಿರಿ. ಯಾವ ಕಪ್ಪಿಗೆ 'ಹಾಂ, ಇದು!' ಅನ್ನಿಸಿತೋ ಅದೇ ನಿಮ್ಮ ಸೂಪ್‌ಗೆ ಬೇಕಾಗಿರುವುದು. ಹೆಚ್ಚಿನ ಸಲ ಗೆಲ್ಲುವುದು ನಿಂಬೆಯ ಕಪ್. ಹುಳಿ ಬಿದ್ದ ಕೂಡಲೇ ಅಲ್ಲಿಯವರೆಗೆ ಮಲಗಿದ್ದ ಚಿಕನ್ ರುಚಿ ಎದ್ದು ಕೂರುತ್ತದೆ.

ಸೋಯಾ ಸಾಸ್ ಕಪ್ ಗೆದ್ದರೆ ಗಾಢತೆಯ ಕೊರತೆ. ಇದರ ಮೂಲ ಕುಕ್ಕರ್‌ನಲ್ಲೇ ಇದೆ. ನೀರಿರುವ ಪಾತ್ರೆ 100 ಡಿಗ್ರಿ ದಾಟುವುದಿಲ್ಲ. ಮಾಂಸ, ಈರುಳ್ಳಿ ಕೆಂಪಗಾಗಿ ಆ ಹುರಿದ ರುಚಿ ಬರಬೇಕಾದರೆ 140 ಡಿಗ್ರಿಯ ಆಸುಪಾಸು ಬೇಕು. ಅಂದರೆ ಕುಕ್ಕರ್‌ನೊಳಗೆ ಆ ರುಚಿ ಹುಟ್ಟುವ ಮಾತೇ ಇಲ್ಲ, ನಾವೇ ಹೊರಗಿಂದ ತರಬೇಕು. ಈರುಳ್ಳಿಯನ್ನು ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ ಜೊತೆ ಅಂಚು ಕಂದಾಗುವವರೆಗೆ ಹುರಿಯಿರಿ. ಬಾಣಲೆಯ ತಳಕ್ಕೆ ಹಿಡಿದದ್ದನ್ನು ಅರ್ಧ ಕಪ್ ಸ್ಟಾಕ್ ಹಾಕಿ ಕೆರೆದು ಅದನ್ನೂ ಕುಕ್ಕರ್‌ಗೆ ಸುರಿಯಿರಿ. ಹತ್ತು ನಿಮಿಷದ ಕೆಲಸ. ಏನನ್ನೂ ಹುರಿಯದೆ ಸುಲಭವಾಗಿ ಮುಗಿಯಬೇಕು ಅನ್ನುವವರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು. ಆದರೆ ರುಚಿಗಾಗಿ ಒಂದೇ ಒಂದು ಹೆಚ್ಚಿನ ಕೆಲಸ ಮಾಡುವುದಾದರೆ ಇದನ್ನೇ ಮಾಡಿ.

ಪರಿಮಳದ ಕಪ್ ಗೆದ್ದರೆ ಸೊಪ್ಪನ್ನು ಬೇಗ ಹಾಕಿಬಿಟ್ಟಿದ್ದೀರಿ. ಒಣ ಥೈಮ್, ಬೇ ಲೀಫ್ ಮೊದಲೇ ಹಾಕಬಹುದು, ಅವು ನಿಧಾನಕ್ಕೆ ಬಿಟ್ಟುಕೊಡುತ್ತವೆ. ಹಸಿ ಸೊಪ್ಪಿನ ವಾಸನೆ ಆರು ಗಂಟೆಯ ಬಿಸಿಯಲ್ಲಿ ಉಳಿಯುವುದಿಲ್ಲ.

ಉಪ್ಪು ಜಾಸ್ತಿ

ಸ್ಟಾಕ್ ಕ್ಯೂಬ್ ಮತ್ತು ಡಬ್ಬಿಯ ಸ್ಟಾಕ್‌ನಲ್ಲಿ ಮೊದಲೇ ಉಪ್ಪಿರುತ್ತದೆ. ಅದರ ಮೇಲೆ ನೀವು ಹಾಕಿದ್ದು. ಒಂದೆರಡು ಕಪ್ ಬರೀ ಬಿಸಿನೀರು ಸೇರಿಸಿ, ಉಪ್ಪಿಲ್ಲದೆ ಬೇಯಿಸಿದ ನೂಡಲ್ಸ್ ಹಾಕಿ, ಒಂದಿಷ್ಟು ನಿಂಬೆ ಹಿಂಡಿ. ಆಲೂಗಡ್ಡೆ ಹಾಕಿದರೆ ಉಪ್ಪು ಹೀರಿಕೊಳ್ಳುತ್ತದೆ ಅನ್ನುವುದರಲ್ಲಿ ಹುರುಳಿಲ್ಲ. ಅದು ಉಪ್ಪುನೀರು ಕುಡಿಯುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಮುಂದಿನ ಸಲ ಉಪ್ಪಿಲ್ಲದ ಸ್ಟಾಕ್ ತೆಗೆದುಕೊಂಡು, ನೂಡಲ್ಸ್ ಬೆಂದ ಮೇಲೆ ರುಚಿ ನೋಡಿ ಉಪ್ಪು ಹಾಕಿ.

ನೀರುನೀರಾಗಿದೆ

ಒಲೆಯ ಅಡುಗೆಯ ಅಳತೆಯನ್ನು ಹಾಗೇ ಕುಕ್ಕರ್‌ಗೆ ತಂದರೆ ಹೀಗಾಗುತ್ತದೆ. ಒಲೆಯ ಮೇಲೆ ನೀರು ಆವಿಯಾಗಿ ಸೂಪ್ ಗಟ್ಟಿಯಾಗುತ್ತದೆ. ಇಲ್ಲಿ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ವಾಪಸ್ ಬೀಳುತ್ತದೆ. ಸಾಲದ್ದಕ್ಕೆ ಚಿಕನ್, ತರಕಾರಿಯೂ ನೀರು ಬಿಡುತ್ತವೆ. ಒಲೆಯ ಅಳತೆಗಿಂತ ಕಾಲು ಭಾಗ ಕಡಿಮೆ ಸ್ಟಾಕ್ ಸಾಕು.

ಈಗ ಗಟ್ಟಿ ಮಾಡಲು ನೂಡಲ್ಸ್ ಹಾಕುವ ಮೊದಲು ಎರಡು ಸೌಟು ತರಕಾರಿ ತೆಗೆದು ಮಸೆದು ವಾಪಸ್ ಹಾಕಿ. ಇಲ್ಲವೇ ಎರಡು ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕದಡಿ ಸೇರಿಸಿ, ಹೈನಲ್ಲಿ ಕಾಲು ಗಂಟೆ ಬಿಡಿ. ನನಗೆ ಮೊದಲನೆಯದೇ ಇಷ್ಟ. ಕೆನೆ ಅಥವಾ ಹಾಲು ಹಾಕಿ ಗಟ್ಟಿ ಮಾಡುವವರು ಕುಕ್ಕರ್ ಆರಿಸಿದ ಮೇಲೆ, ನಿಂಬೆರಸ ಹಾಕದೆ ಸೇರಿಸಿ. ಬೇಗ ಹಾಕಿದರೆ ಒಡೆಯುತ್ತದೆ. ಹಾಲು, ನಿಂಬೆ ಎರಡೂ ಬಿದ್ದರಂತೂ ಒಡೆಯದೆ ಇರದು.

ಕದಡಿದೆ, ನೊರೆಯಿದೆ, ಜಿಡ್ಡು ತೇಲುತ್ತಿದೆ

ಬೂದು ಬಣ್ಣದ ನೊರೆ ಅಂದರೆ ಮಾಂಸದಿಂದ ಇಳಿದು ಹೆಪ್ಪಾದ ಪ್ರೋಟೀನ್. ಕೊಳೆಯಲ್ಲ. ಸೌಟಿನಲ್ಲಿ ತೆಗೆದುಬಿಡಿ, ತೆಗೆಯದಿದ್ದರೂ ನಷ್ಟವಿಲ್ಲ. ಸೂಪ್ ಕದಡಿದ್ದರೆ ಬಹುತೇಕ ನೂಡಲ್ಸ್‌ನ ಪಿಷ್ಟವೇ ಕಾರಣ. ತಿಳಿಯಾಗಿಯೇ ಬೇಕು ಅಂದರೆ ನೂಡಲ್ಸ್ ಬೇರೆ ಬೇಯಿಸಿ. ಜಿಡ್ಡು ಚರ್ಮದಿಂದ ಬರುತ್ತದೆ, ಹಾಕುವ ಮೊದಲೇ ಚರ್ಮ ತೆಗೆಯಿರಿ. ಈಗಾಗಲೇ ತೇಲುತ್ತಿದ್ದರೆ ಕಾಗದದ ಟವೆಲ್ ತುದಿಯನ್ನು ಮೇಲ್ಮೈಗೆ ತಾಗಿಸಿ ಎಳೆಯಿರಿ. ಪೂರ್ತಿ ಒಣಗಿಸಬೇಡಿ, ಸಣ್ಣ ಚಿನ್ನದ ಕಣ್ಣುಗಳಷ್ಟು ಉಳಿದರೆ ರುಚಿ.

ಕುಕ್ಕರೇ ಕೆಟ್ಟಿದೆಯಾ?

ಸಮಯ ಸರಿ, ಅಳತೆ ಸರಿ, ಕ್ರಮವೂ ಸರಿ. ಆದರೂ ಪ್ರತಿ ಸಲ ಬೇಯುವುದಿಲ್ಲ, ಅಥವಾ ಪ್ರತಿ ಸಲ ಅಂಚು ಸೀಯುತ್ತದೆ. ಆಗ ಮಾತ್ರ ಯಂತ್ರದ ಮೇಲೆ ಸಂಶಯ ಪಡಿ. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಒಳಗೆ ಬಿಸಿ ಕೊಡುವ ಸುರುಳಿ ಕಾಯುತ್ತಿದೆ ಅಂತ ಅರ್ಥವಲ್ಲ.

ಪರೀಕ್ಷೆಗೆ ಖರ್ಚಿಲ್ಲ. ಪಾತ್ರೆಗೆ ಮೂರರಲ್ಲಿ ಎರಡು ಭಾಗ ತಣ್ಣೀರು ಹಾಕಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಬಿಡಿ. ನಡುವೆ ತೆರೆಯಲೇಬಾರದು. ಕೊನೆಗೆ ಮುಚ್ಚಳ ಎತ್ತಿದ ಕೂಡಲೇ ಥರ್ಮಾಮೀಟರ್ ಇಳಿಸಿ, ತಡ ಮಾಡಿದರೆ ಅಂಕಿ ಬೇಗ ಇಳಿಯುತ್ತದೆ. 85ರಿಂದ 93 ಡಿಗ್ರಿ ಇದ್ದರೆ ಕುಕ್ಕರ್ ಸರಿಯಿದೆ. 85ಕ್ಕಿಂತ ಕಡಿಮೆಯಾದರೆ ಅದರಲ್ಲಿ ಹಸಿ ಮಾಂಸ ಬೇಯಿಸಬೇಡಿ, ರಿಪೇರಿಗೆ ಕೊಡಿ ಇಲ್ಲವೇ ಬದಲಿಸಿ. 93 ದಾಟಿದರೆ ಅದು ಜೋರಿನ ಕುಕ್ಕರ್. ಎಸೆಯಬೇಕಿಲ್ಲ, ಪಾಕವಿಧಾನ ಆರು ಗಂಟೆ ಅಂದರೆ ನೀವು ನಾಲ್ಕೂವರೆಗೇ ನೋಡಲು ಶುರುಮಾಡಿ.

ಲೋಗೂ ಹೈಗೂ ಏನು ವ್ಯತ್ಯಾಸ ಅಂತ ಕೇಳುವವರಿದ್ದಾರೆ. ಹೆಚ್ಚಿನ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಬಿಸಿ ಹತ್ತಿರಹತ್ತಿರ ಒಂದೇ. ಹೈ ಬೇಗ ಮುಟ್ಟುತ್ತದೆ, ಲೋ ತಡವಾಗಿ. ಆದ್ದರಿಂದ ಲೋನಲ್ಲಿಟ್ಟರೆ ಎದೆ ಮಾಂಸ ಎಷ್ಟು ಹೊತ್ತಾದರೂ ಒಣಗುವುದಿಲ್ಲ ಅನ್ನುವುದು ಸುಳ್ಳು. ವಾರ್ಮ್ ಇರುವುದು ಬೆಂದ ಸೂಪ್ ಬಿಸಿಯಾಗಿಡಲು ಮಾತ್ರ, ಬೇಯಿಸಲು ಅಲ್ಲ.

ಪಿಂಗಾಣಿಯಲ್ಲಿ ಬಿರುಕು ಕಂಡರೆ ಬಳಸುವುದು ನಿಲ್ಲಿಸಿ. ಇದು ಸಾಮಾನ್ಯವಾಗಿ ಆಗುವುದು ಫ್ರಿಜ್‌ನಿಂದ ತೆಗೆದ ತಣ್ಣನೆ ಪಾತ್ರೆಯನ್ನು ಕಾದ ತಳದ ಮೇಲೆ ಇಟ್ಟಾಗ, ಅಥವಾ ಬಿಸಿ ಪಾತ್ರೆಗೆ ತಣ್ಣೀರು ಸುರಿದಾಗ.

ಮರುದಿನ ನೋಡಿದರೆ ಸೂಪೇ ಇಲ್ಲ

ಫ್ರಿಜ್ ತೆಗೆದರೆ ಡಬ್ಬಿಯಲ್ಲಿ ಸೂಪ್ ಬದಲು ಅಲುಗಾಡುವ ಜೆಲ್ಲಿ. ಅದು ದೋಷವಲ್ಲ, ಮೂಳೆಯಿಂದ ಇಳಿದ ಜೆಲಾಟಿನ್. ಬಿಸಿ ಮಾಡಿದರೆ ಕರಗುತ್ತದೆ. ಆದರೆ ನೂಡಲ್ಸ್ ರಾತ್ರಿಯೆಲ್ಲ ಸ್ಟಾಕ್ ಕುಡಿದು ಊದಿದ್ದರೆ ಅದಕ್ಕೆ ಮದ್ದಿಲ್ಲ. ಉಳಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ನೂಡಲ್ಸನ್ನು ಬೇರೆ ಡಬ್ಬಿಯಲ್ಲಿಡಿ, ಒಂದು ಹನಿ ಎಣ್ಣೆ ಸವರಿ.

ಉಳಿದ ಸೂಪನ್ನು ದಪ್ಪ ಪಿಂಗಾಣಿ ಪಾತ್ರೆಯಲ್ಲೇ ಫ್ರಿಜ್‌ಗೆ ನೂಕಬೇಡಿ, ನಡುಭಾಗ ತಣ್ಣಗಾಗುವುದೇ ಇಲ್ಲ. ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಾಕಿ ಎರಡು ಗಂಟೆಯೊಳಗೆ ಒಳಗಿಡಿ. ಮೂರು-ನಾಲ್ಕು ದಿನ ಇರುತ್ತದೆ. ಬಿಸಿ ಮಾಡುವುದು ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ, 74 ಡಿಗ್ರಿಯವರೆಗೆ. ಸ್ಲೋ ಕುಕ್ಕರ್‌ನಲ್ಲಿ ಮತ್ತೆ ಬಿಸಿ ಮಾಡಬೇಡಿ, ಅದು ತುಂಬಾ ನಿಧಾನ. ಫ್ರೀಜರ್‌ಗೆ ಇಡುವುದಾದರೆ ನೂಡಲ್ಸ್ ಇಲ್ಲದೆ ಇಡಿ. ಡಬ್ಬಿಯ ಬಾಯಿಯಲ್ಲಿ ಎರಡು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ಸೂಪ್ ಉಬ್ಬುತ್ತದೆ. ಎರಡು-ಮೂರು ತಿಂಗಳೊಳಗೆ ಮುಗಿಸಿ, ತಿನ್ನುವ ದಿನ ನೂಡಲ್ಸ್ ಹೊಸದಾಗಿ ಬೇಯಿಸಿಕೊಳ್ಳಿ.